ಅಜ್ಜಿಗೆ ಬಾಯಿಪಾಠವಾದ ಪರೀಕ್ಷೆ

ಮಗು ಹುಟ್ಟಿ ಐದು ತಿಂಗಳಾಗಿತ್ತು, ಸೊಸೆಗೆ ನಗರ ಸಾರಿಗೆಯಿಂದ ಕಂಡಕ್ಟರ್ ಕೆಲಸದ ಆದೇಶ ಬಂತು. ಹತ್ತು ದಿನದೊಳಗೆ ಸೇರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬದ ಕೆಳಗೆ ತುರುಕಿದ್ದಳು. ಡಬ್ಬ ಎತ್ತಿದ ಅತ್ತೆಯ ಕೈಗೆ ಅದು ಸಿಕ್ಕಿತು. ಅತ್ತೆ ಓದಿದ್ದು ಎರಡನೇ ತರಗತಿ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೆರಳಿಟ್ಟುಕೊಂಡು, ಕಾಗದವನ್ನು ಕೊನೆಯ ಸಾಲಿನವರೆಗೂ ಓದಿದಳು.

"ಇದನ್ನ ಯಾಕೆ ಬಚ್ಚಿಟ್ಟೆ?"

"ಮಗೂನ ಬಿಟ್ಟು ಹೇಗೆ ಹೋಗ್ಲಿ ಅತ್ತೆ?"

"ಬೀದೀಲಿ ಬಿಟ್ಟು ಹೋಗ್ತೀಯಾ? ನಾನೇನು ಸತ್ತಿದೀನಾ? ಕೇಳಿಲ್ಲಿ. ಈ ಹುಡುಗಿ ಓದು ಮುಗಿಸಿ, ಮೊದಲನೇ ದಿನ ಕೆಲಸಕ್ಕೆ ಹೊರಡೋ ತನಕ ಈ ಮನೆ ಒಲೆ ನನ್ನದು. ಯಾರೂ ಹಸಿದ ಹೊಟ್ಟೇಲಿ ಹೊಸಿಲು ದಾಟಲ್ಲ. ಇದು ನನ್ನ ಮಾತು. ನಾಳೆನೇ ಹೋಗಿ ಸೇರು."

ಇದಾಗಿ ಇಪ್ಪತ್ತನಾಲ್ಕು ವರ್ಷ. ಸೊಸೆಗೆ ಈಗ ಬೀದಿಯಲ್ಲೆಲ್ಲ ಟಿಕೆಟಮ್ಮ ಎಂದೇ ಹೆಸರು. ಬೆಳಗಿನ ಪಾಳಿಗೆ ಅವಳು ಐದೂವರೆಗೆ ಹೊರಟರೂ ಡಬ್ಬಿ ತುಂಬಿ ಬಾಗಿಲ ಬಳಿ ಕಾದಿರುತ್ತಿತ್ತು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾರ ಮನೆಯ ಲಿಫ್ಟ್ ಯಾವಾಗ ನಡುಮಹಡಿಯಲ್ಲಿ ಸಿಕ್ಕಿಕೊಳ್ಳುತ್ತದೋ ದೇವರೇ ಬಲ್ಲ, ಅವನ ಊಟಕ್ಕೆ ಹೊತ್ತುಗೊತ್ತಿಲ್ಲ. ಅವನಿಗೂ ತಟ್ಟೆ ಬಿಸಿಯಾಗಿಯೇ ಬಂತು. ಅತ್ತೆಗೆ ಜ್ವರ ಬಂದರೆ ಸ್ಟೂಲು ಹಾಕಿಕೊಂಡು ಕೂತು ಬೇಯಿಸಿದಳೇ ಹೊರತು ಒಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಆ ಐದು ತಿಂಗಳ ಮಗು ಈಗ ನಗರದ ದೊಡ್ಡ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರದ ತರಬೇತಿಗೆ ಸೇರಿತ್ತು. ಒಂದು ವರ್ಷ ರೋಗಿಗಳ ನಡುವೆ ಕೆಲಸ ಕಲಿಯಬೇಕು. ಅವರ ಜೊತೆ ಮಾತಾಡುವುದು, ನೆನಪು, ಬುದ್ಧಿ, ಗಮನ ಅಳೆಯುವ ಪರೀಕ್ಷೆಗಳನ್ನು ಮಾಡುವುದು, ವರದಿ ಬರೆಯುವುದು. ವರ್ಷದ ಕೊನೆಗೆ ಮೇಲಿನವರು ಒಪ್ಪಿ ಸಹಿ ಹಾಕಿದರೆ ಕೆಲಸಕ್ಕೆ ಅರ್ಹತೆ. ನಡುವೆ ಬಿಟ್ಟರೆ ಮತ್ತೆ ಮೊದಲಿಂದ.

ಟಿಕೆಟಮ್ಮನಿಗೆ ಇದನ್ನು ವಿವರಿಸಿ ಹೇಳಲು ಬರುತ್ತಿರಲಿಲ್ಲ. ಆದರೂ ಬಸ್ಸು ಆಸ್ಪತ್ರೆ ಸ್ಟಾಪಿನಲ್ಲಿ ನಿಂತಾಗಲೆಲ್ಲ ಡ್ರೈವರಿಗೆ ಹೇಳುತ್ತಿದ್ದಳು, "ನನ್ನ ಮಗಳು ಇಲ್ಲೇ, ಮೂರನೇ ಮಹಡಿ."

"ಗೊತ್ತಮ್ಮ. ನಿನ್ನೆನೂ ಮೂರನೇ ಮಹಡಿನೇ ಇತ್ತು," ಎನ್ನುತ್ತಿದ್ದ ಡ್ರೈವರು.

ಪಕ್ಕದ ಮನೆಯವರು ಮೊಣಕಾಲು ನೋವಿಗೆ ಮಾತ್ರೆ ಕೇಳಿಕೊಂಡು ಬರುತ್ತಿದ್ದರು. "ನಾನು ಆ ಡಾಕ್ಟರಲ್ಲ" ಎಂದು ಮಗಳು ಹೇಳಿ ಹೇಳಿ ಸೋತಳು. "ಇವಳು ತಲೆ ಡಾಕ್ಟ್ರು. ನಿಮ್ಮ ಮೊಣಕಾಲು ತಲೆಗೇರಿದ ಮೇಲೆ ಬನ್ನಿ," ಎಂದು ಅಜ್ಜಿಯೇ ಅವರನ್ನು ಸಾಗಹಾಕುತ್ತಿದ್ದಳು.

ರೋಗಿಯ ಮುಂದೆ ಕೂರುವ ಮೊದಲು ಪ್ರತಿ ಪರೀಕ್ಷೆಯನ್ನೂ ನಲವತ್ತು ಸಲ ಅಭ್ಯಾಸ ಮಾಡಬೇಕು ಎಂದು ಆಸ್ಪತ್ರೆಯ ದೊಡ್ಡ ಮೇಡಂ ನಿಯಮ ಮಾಡಿದ್ದರು. ಹನ್ನೆರಡು ಪದ ಓದಿ ಹೇಳುವುದು, ಅರ್ಧ ಗಂಟೆ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುವುದು. ಕೇಳಲು ಸುಲಭ. ಆದರೆ ಒಂದು ಸೆಕೆಂಡಿಗೆ ಒಂದೇ ಪದ ಬರಬೇಕು, ದನಿ ಏರಬಾರದು, ಇಳಿಯಬಾರದು. ಮಗಳ ದನಿಯೋ ಕೊನೆಯ ಪದಕ್ಕೆ ಬರುವಾಗ ತೂಕಡಿಸಿದಂತೆ ಜೋಲುತ್ತಿತ್ತು. ಮೇಡಂ ಎರಡು ಸಲ ಹಿಂದಕ್ಕೆ ಕಳಿಸಿದ್ದರು.

"ನಾನು ಸ್ಟಾಪ್ ಕೂಗೋದು ಕೇಳಿದೀಯಾ?" ಎಂದಳು ಟಿಕೆಟಮ್ಮ, ಸೊಪ್ಪು ಬಿಡಿಸುತ್ತ. "ಮದುವೆ ಛತ್ರಕ್ಕೂ ಒಂದೇ ದನಿ, ಸುಡುಗಾಡಿಗೂ ಒಂದೇ ದನಿ. ಇಳಿಯೋರಿಗೆ ನಮ್ಮ ಅಭಿಪ್ರಾಯ ಬೇಕಾಗಿಲ್ಲ. ಎಲ್ಲಿ, ಹೊಟ್ಟೆಯಿಂದ ಕೂಗು."

"ಮೋಡ. ಬೀಗ. ಕುದುರೆ. ಕಂಬಳಿ."

"ಕುದುರೆ ಮೇಲೆ ಯಾಕೆ ಅಷ್ಟು ಪ್ರೀತಿ? ಬೀಗಕ್ಕೆ ಎಷ್ಟೋ ಅಷ್ಟೇ ಅದಕ್ಕೂ."

ಒಂದು ವಾರ ಕೂಗಿಸಿದಳು. ಮೂರನೇ ಸಲ ಮಗಳು ತೇರ್ಗಡೆಯಾಗಿ ಬಂದಳು. ಇದು ಯಾರ ಪಾಠ ಎಂದು ಮೇಡಂ ಕೇಳಿದರಂತೆ, ಹೇಳಿದ್ದಕ್ಕೆ ನಕ್ಕರಂತೆ. ಟಿಕೆಟಮ್ಮ ಆ ಮಾತನ್ನು ಮೂರು ಜನ ಡ್ರೈವರುಗಳಿಗೆ ಹೇಳಿದಳು.

ನಲವತ್ತು ಸಲಕ್ಕೆ ಕೇಳುವ ಕಿವಿಯೂ ನಲವತ್ತು ಬೇಕಲ್ಲ. ಅಪ್ಪ ಎರಡು ಸಲ ಕೂತು ಮೂರನೇ ಸಲಕ್ಕೆ ಗೊರಕೆ ಹೊಡೆದ. ಸಿಕ್ಕಿದವಳು ಅಜ್ಜಿ. ತರಕಾರಿ ಹೆಚ್ಚುತ್ತ, ಅಕ್ಕಿ ಆರಿಸುತ್ತ, ದಿನಾ ಸಂಜೆ ಅವಳು ಪರೀಕ್ಷೆಗೆ ಕೂತಳು. ನಲವತ್ತು ಮುಗಿದ ಮೇಲೂ ಮಗಳು ಕೈ ತಪ್ಪಬಾರದೆಂದು ವಾರಕ್ಕೊಮ್ಮೆ ಕೂರಿಸುತ್ತಿದ್ದಳು. ಆ ಹನ್ನೆರಡು ಪದಗಳು ಆ ಮನೆಯಲ್ಲಿ ಕುಕ್ಕರಿನ ಸಿಳ್ಳೆಯಷ್ಟೇ ಮಾಮೂಲಾದವು.

ಎಂಟನೆಯ ತಿಂಗಳಲ್ಲಿ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಎಲ್ಲರೂ ನೀರು ಬೆರೆಸಿಕೊಂಡು ತಿಂದರು. ಮರುವಾರ ಅತ್ತೆ ಚಮಚ ಕೈಯಲ್ಲೇ ಹಿಡಿದು, "ಆ ಅದು ಎಲ್ಲಿ, ಅದೇ, ತಿರುವೋದು," ಎಂದು ಹುಡುಕಿದಳು. ಆಮೇಲೊಂದು ದಿನ ಟಿಕೆಟಮ್ಮ ಬಚ್ಚಲಲ್ಲಿ ಬಕೆಟ್ ಎತ್ತಿದಾಗ ಅದರ ಹಿಂದೆ ತಳ ಕಪ್ಪಾಗಿ ಸುಟ್ಟ ಹಾಲಿನ ಪಾತ್ರೆ ಕಂಡಿತು. ಒಂದಲ್ಲ, ಎರಡು.

"ಅತ್ತೆ, ಇದೇನು?"

"ಪಾತ್ರೆ. ಕಾಣಲ್ವಾ?"

"ಇದು ಹೇಗೆ ಸುಡ್ತು?"

"ಬೆಂಕಿಗಿಟ್ರೆ ಸುಡುತ್ತೆ. ನಿನ್ನ ಮದುವೇಲಿ ತಂದ ಪಾತ್ರೆ, ತಳ ಮೊದಲಿಂದಾನೂ ತೆಳು."

"ಬಚ್ಚಿಟ್ಟಿದ್ದು ಯಾಕೆ?"

"ನೀನು ಹೀಗೆ ಪೊಲೀಸರ ಹಾಗೆ ನಿಂತ್ಕೊಂಡು ಕೇಳ್ತೀಯ ಅಂತ."

ಸಂಜೆ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಟಿಕೆಟಮ್ಮ ಪಾತ್ರೆ ತೋರಿಸಿದಳು. "ನಿನ್ನ ಪರೀಕ್ಷೆ ಇದೆಯಲ್ಲ, ಅದನ್ನ ಅಜ್ಜಿಗೆ ಸರಿಯಾಗಿ ಮಾಡು. ಆಟಕ್ಕಲ್ಲ."

ಮಗಳು ಗಡಿಯಾರ ಹಿಡಿದು, ಟಿ.ವಿ. ಆರಿಸಿ, ಅಜ್ಜಿಯ ಎದುರು ಕೂತಳು. ಹನ್ನೆರಡು ಪದ ಹೇಳಿದಳು. ಅರ್ಧ ಗಂಟೆ ಅಪ್ಪ, ಅಮ್ಮ ಗಡಿಯಾರ ನೋಡುತ್ತ ಅಜ್ಜಿ ಮಾಡಿಟ್ಟ ಊಟ ಮಾಡಿದರು. ಆಮೇಲೆ ಕೇಳಿದರೆ ಅಜ್ಜಿ ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸಿದ ಹಾಗೆ ಹನ್ನೆರಡಕ್ಕೆ ಹನ್ನೆರಡೂ ಹೇಳಿಬಿಟ್ಟಳು.

ಮಗಳ ಮುಖ ಅರಳಿತು. "ನೋಡಿದ್ಯಾ ಅಮ್ಮ? ನನ್ನ ವಯಸ್ಸಿನೋರಿಗೂ ಇಷ್ಟು ಬರಲ್ಲ. ಅಜ್ಜಿ ಗಟ್ಟಿ. ಪಾತ್ರೆ ಯಾರ ಮನೇಲಿ ಸುಡಲ್ಲ ಹೇಳು?"

"ನಾನು ಕಣ್ಣಾರೆ ನೋಡಿದ್ದು?"

"ಕಣ್ಣಿಗಿಂತ ಪರೀಕ್ಷೆ ದೊಡ್ಡದು. ಅದಕ್ಕೇ ಅಲ್ವಾ ನಾವು ಕಲಿಯೋದು?"

"ಓದಿದೋಳ ಮಾತು ಕೇಳು," ಎಂದಳು ಅತ್ತೆ ಸೊಸೆಗೆ. "ಎಂಟು ತಿಂಗಳಿಂದ ಸುಮ್ಮನೆ ಹೋಗ್ತಾ ಇದಾಳಾ?"

ಟಿಕೆಟಮ್ಮ ಸುಟ್ಟ ಪಾತ್ರೆಗಳನ್ನು ತಿಕ್ಕಲು ಒಯ್ದಳು. ಮಗಳು ಓದಿದವಳು ಎಂಬ ಹೆಮ್ಮೆ ಅವಳಿಗೂ ಕಡಿಮೆಯಿರಲಿಲ್ಲ.

ಹನ್ನೊಂದು ದಿನ ಕಳೆಯಿತು. ಅಂದು ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಮೆಟ್ಟಿಲಲ್ಲೇ ಗ್ಯಾಸಿನ ವಾಸನೆ ಬಡಿಯಿತು. ಒಳಗೆ ಒಲೆಯ ನಾಬು ತಿರುಗಿದ್ದು ತಿರುಗಿದ ಹಾಗೇ ಇದೆ, ಬೆಂಕಿಯಿಲ್ಲ. ಅಮ್ಮ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತು ಬೀದಿ ನೋಡುತ್ತಿದ್ದಾಳೆ. ಅವನು ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆಗೆದು, ಅಮ್ಮನ ಕೈಯಿಂದ ಪೊಟ್ಟಣ ಮೆಲ್ಲಗೆ ಬಿಡಿಸಿಕೊಂಡು, ಅವಳನ್ನು ಕೆಳಗೆ ಕಟ್ಟೆಯ ಮೇಲೆ ಕೂರಿಸಿದ. ಯಾವತ್ತೂ ದನಿ ಎತ್ತದವನು ಅಂದು ಸಂಜೆ ಎತ್ತಿದ.

"ನಾನು ಐದು ನಿಮಿಷ ತಡವಾಗಿ ಬಂದಿದ್ರೆ ಈ ಮಹಡಿ ಇರ್ತಿರಲಿಲ್ಲ. ಎಲ್ಲಿ ನಿನ್ನ ಹನ್ನೆರಡಕ್ಕೆ ಹನ್ನೆರಡು?"

ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ದಳು. ಅನ್ನ ಆರಿತು. ಕೊನೆಗೆ ಎದ್ದು ಅಜ್ಜಿಯ ಹತ್ತಿರ ಹೋಗಿ ಮೆತ್ತಗೆ ಕೇಳಿದಳು, "ಅಜ್ಜಿ, ಪದಗಳನ್ನ ಹೇಳು."

ಯಾರೂ ಓದಿ ಹೇಳಿರಲಿಲ್ಲ. ಆದರೂ ಅಜ್ಜಿ ಶುರು ಮಾಡಿದಳು, ಮೋಡ, ಬೀಗ, ಕುದುರೆ, ಕಂಬಳಿ, ಒಂದೂ ಬಿಡದೆ, ಸೆಕೆಂಡಿಗೊಂದು, ಏರದ ಇಳಿಯದ ದನಿಯಲ್ಲಿ.

"ಈಗ ಹೇಳು, ಮಧ್ಯಾಹ್ನ ಏನಾಯ್ತು?"

"ಮಧ್ಯಾಹ್ನವಾ? ಏನಾಗುತ್ತೆ, ಉಂಡ್ವಿ, ಮಲಗಿದ್ವಿ."

ಮಗಳು ಅಮ್ಮನ ಕಡೆ ತಿರುಗಿದಳು. "ಅಮ್ಮ, ನಾನು ದಡ್ಡಿ. ನಲವತ್ತು ಸಲ ಕೇಳಿದ್ರೆ ಗೋಡೆಗೂ ಬಾಯಿಪಾಠ ಬರುತ್ತೆ. ಒಂದೇ ಪಟ್ಟಿಯಲ್ಲಿ ಎರಡು ಸಲ ಪರೀಕ್ಷೆ ಮಾಡಬಾರದು ಅಂತ ಮೊದಲನೇ ವಾರದಲ್ಲೇ ಹೇಳಿಕೊಟ್ಟಿದ್ರು. ಮನೆಯೋರನ್ನ ಮಾಡಲೇಬಾರದು ಅಂತಾನೂ ಹೇಳಿದ್ರು. ಅಜ್ಜಿ ಚೆನ್ನಾಗಿದಾಳೆ ಅನ್ನೋ ಉತ್ತರ ನಂಗೆ ಬೇಕಾಗಿತ್ತು, ತಗೊಂಡೆ."

ಬೈಯಬೇಕೆಂದು ಬಾಯಿ ತೆರೆದಿದ್ದ ಟಿಕೆಟಮ್ಮ, "ಮೊದಲು ಉಣ್ಣು," ಎಂದಷ್ಟೇ ಹೇಳಿದಳು.

ಮರುದಿನ ಮಗಳು ದೊಡ್ಡ ಮೇಡಂಗೆ ಎಲ್ಲವನ್ನೂ ಹೇಳಿದಳು. ಮರುವಾರ ಟಿಕೆಟಮ್ಮ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಅತ್ತೆಯ ಕೈ ಹಿಡಿದುಕೊಂಡು ಆ ಮೂರನೇ ಮಹಡಿ ಹತ್ತಿದಳು. ಎಂಟು ತಿಂಗಳು ಬಸ್ಸಿನಿಂದ ತೋರಿಸಿದ ಜಾಗ. ಉದ್ದ ಓಣಿ, ಗೋಡೆಗೆ ಒರಗಿಸಿದ ಬೆಂಚು, 'ಒಳಗೆ ಪರೀಕ್ಷೆ ನಡೆಯುತ್ತಿದೆ, ಬಾಗಿಲು ಬಡಿಯಬೇಡಿ' ಎಂದು ಬರೆದ ಹಲಗೆ. ಬೆಂಚಿನ ಮೇಲೆ ಒಬ್ಬ ಯುವಕ ತನ್ನ ಉಗುರನ್ನೇ ನೋಡುತ್ತ ಕೂತಿದ್ದ. ಮಗಳು ಅವನ ಹತ್ತಿರ ಹೋಗಿ, ನಿಂತಲ್ಲೇ ಮಾತಾಡದೆ ಪಕ್ಕದಲ್ಲಿ ಕೂತು, ಅವನ ಮುಖಕ್ಕೆ ಸಮನಾಗಿ ತಲೆ ಬಾಗಿಸಿ ಏನೋ ಕೇಳಿದಳು. ಅವನು ತಲೆಯೆತ್ತಿದ. ಮನೆಯಲ್ಲಿ ಒದ್ದೆ ಟವೆಲ್ ಎಲ್ಲೆಂದರಲ್ಲಿ ಬಿಸಾಡುವ ಹುಡುಗಿ ಇವಳೇನಾ ಎಂದು ಟಿಕೆಟಮ್ಮ ನೋಡಿಯೇ ನೋಡಿದಳು.

ಅತ್ತೆಯನ್ನು ಒಳಗೆ ಕರೆದುಕೊಂಡು ಹೋದದ್ದು ಇನ್ನೊಬ್ಬ ತರಬೇತಿಯ ಹುಡುಗಿ, ಕೈಯಲ್ಲಿ ಬೇರೆ ಪಟ್ಟಿ. ಮಗಳು ಬಾಗಿಲ ಹತ್ತಿರವೂ ಸುಳಿಯುವಂತಿರಲಿಲ್ಲ. ಎರಡು ಗಂಟೆಯಾದ ಮೇಲೆ ಅತ್ತೆ ಹೊರಗೆ ಬಂದಳು, ಮುಖ ಊದಿಸಿಕೊಂಡು.

"ಏನಾಯ್ತು ಅತ್ತೆ?"

"ಆ ಹುಡುಗಿಗೆ ಏನೂ ಬರಲ್ಲ. ಯಾವ್ಯಾವುದೋ ಪದ ಹೇಳಿದ್ಲು. ನಮ್ಮ ಪದ ಕೇಳಲೇ ಇಲ್ಲ. ನಾನೇ ಹೇಳ್ತೀನಿ ಅಂದ್ರೂ ಬೇಡ ಅಂದ್ಲು."

ಹನ್ನೆರಡರಲ್ಲಿ ಅವಳು ಹೇಳಿದ್ದು ಎರಡು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು, ಇನ್ನೊಬ್ಬ ಡಾಕ್ಟರು, ಎಲ್ಲ ಮುಗಿದು ಹದಿನೈದು ದಿನಕ್ಕೆ ಉತ್ತರ ಬಂತು. ಮರೆವಿನ ಕಾಯಿಲೆ ಶುರುವಾಗಿದೆ, ನಿಧಾನವಾಗಿ ಹೆಚ್ಚುತ್ತದೆ, ವಾಸಿಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಹಿಡಿತ ಸಿಗಬಹುದು. ಗ್ಯಾಸಿನ ಒಲೆಯ ಹತ್ತಿರ ಒಬ್ಬರೇ ಇರಕೂಡದು.

ದೊಡ್ಡ ಮೇಡಂ ಟಿಕೆಟಮ್ಮನನ್ನು ಬೇರೆಯಾಗಿ ಕರೆದು ಕೂರಿಸಿದರು. "ನಿಮ್ಮ ಮಗಳ ತಪ್ಪಿಂದ ಹನ್ನೊಂದು ದಿನ ಹೋಯ್ತು," ಎಂದರು. ಟಿಕೆಟಮ್ಮ ತಲೆ ತಗ್ಗಿಸಿದಳು. "ಆದರೆ ಒಂದು ಮಾತು. ಆ ತಪ್ಪನ್ನ ಅವಳೇ ತನ್ನ ದಿನಚರಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ನನ್ನ ಮೇಜಿನ ಮೇಲಿಟ್ಲು. ನಾನು ಕೇಳಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಹುಡುಗರಿಗೆ ಕಲಿಸ್ತಾ ಇದೀನಿ, ಸರಿ ಉತ್ತರ ಬರೆಯೋರನ್ನ ಬೇಕಾದಷ್ಟು ನೋಡಿದೀನಿ. ಇಂಥವರು ಕಡಿಮೆ. ಅವಳನ್ನ ಬಿಡಿಸಬೇಡಿ."

ಟಿಕೆಟಮ್ಮ ಮೆಟ್ಟಿಲಿಳಿಯುವಾಗ ಕೈಚೀಲ ಮರೆತು ಬಂದು ಮತ್ತೆ ಮೇಲೆ ಹತ್ತಬೇಕಾಯಿತು. "ನಿನಗೂ ಆ ಹುಡುಗಿ ಹತ್ತಿರ ತೋರಿಸಣವಾ?" ಎಂದಳು ಅತ್ತೆ.

ಬಿಡಿಸುವ ಮಾತು ಬಂದದ್ದು ಬೇರೆ ಬಾಯಿಂದ. ಅಂದು ಊಟಕ್ಕೆ ಕೂತಾಗ ಮಗಳು, "ನಾನು ಇಲ್ಲಿಗೆ ನಿಲ್ಲಿಸ್ತೀನಿ. ಮುಂದಿನ ವರ್ಷ ಮತ್ತೆ ಸೇರ್ತೀನಿ. ಅಜ್ಜಿ ಜೊತೆ ಯಾರಾದ್ರೂ ಇರಬೇಕಲ್ಲ," ಎಂದಳು.

"ನೀನು ಯಾಕೆ? ಇಪ್ಪತ್ತನಾಲ್ಕು ವರ್ಷ ಮಾಡಿದೀನಿ, ನಾನು ಬಿಡ್ತೀನಿ," ಎಂದಳು ಟಿಕೆಟಮ್ಮ.

"ನೀನು ಬಿಟ್ರೆ ಪಿಂಚಣಿಗೆ ಇನ್ನೂ ಎರಡು ವರ್ಷ ಕಮ್ಮಿ ಬೀಳುತ್ತೆ," ಎಂದ ಗಂಡ.

"ಹಾಗಾದ್ರೆ ನೀವು ಬಿಡಿ."

"ನಾನು ಬಿಟ್ರೆ ಊರಲ್ಲಿ ಅರ್ಧ ಜನ ಲಿಫ್ಟಲ್ಲೇ ಸಂಸಾರ ಮಾಡಬೇಕಾಗುತ್ತೆ."

ಯಾರೂ ನಗಲಿಲ್ಲ. ಮೂವರೂ ತಮ್ಮೊಳಗೇ ಮಾತಾಡಿಕೊಂಡು, ನಾಳೆಯಿಂದ ಊಟ ಹೊರಗಿನಿಂದ ತರಿಸುವುದು ಎಂದು ತೀರ್ಮಾನಿಸಿದರು. ಅತ್ತೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ನಾನು ಇಲ್ಲೇ ಕೂತಿದೀನಿ. ಬೆಳಗ್ಗೆ ಏನು ತಿಂದೆ ಅಂತ ಕೇಳಿದ್ರೆ ಗೊತ್ತಿಲ್ಲ. ಆದರೆ ಏನು ಮಾತು ಕೊಟ್ಟೆ ಅನ್ನೋದು ಗೊತ್ತು. ಇವಳು ಕೆಲಸಕ್ಕೆ ಹೊರಡೋ ತನಕ ಅಂತ ಹೇಳಿದೀನಾ ಇಲ್ವಾ? ಹೇಳೇ."

"ಹೇಳಿದೀರ ಅತ್ತೆ."

"ಹೊರಟ್ಲಾ?"

"ಇನ್ನೂ ಇಲ್ಲ. ಮೂರು ತಿಂಗಳು."

"ಮತ್ತೆ ನೀವು ಯಾರು ನನ್ನ ಒಲೆ ಆರಿಸೋದಕ್ಕೆ?" ಎಂದು ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಬಾಗಿಲ ಆಚೆಯಿಂದ ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಬಂತು.

ಮೂರು ದಿನ ಹೊರಗಿನ ಊಟ ಬಂತು. ಅತ್ತೆ ಮುಟ್ಟಲಿಲ್ಲ, ಬರೀ ಬ್ರೆಡ್ಡು ತಿಂದಳು. ನಾಲ್ಕನೆಯ ದಿನ ಮಗಳು ಆಸ್ಪತ್ರೆಯಿಂದ ಓಡುತ್ತಲೇ ಬಂದಳು. "ಅಮ್ಮ, ಮೇಡಂ ಒಂದು ಮಾತು ಹೇಳಿದ್ರು. ಅಜ್ಜಿಗೆ ಹೊಸದು ಕಲಿಯೋಕೆ ಆಗಲ್ಲ ಅಂತಲ್ಲ. ಒಂದು ಸಲ ಹೇಳಿದ್ರೆ ನಿಲ್ಲಲ್ಲ, ನಲವತ್ತು ಸಲ ಹೇಳಿದ್ರೆ ನಿಲ್ಲುತ್ತೆ. ಅದು ನನ್ನ ತಪ್ಪಿಂದಲೇ ಗೊತ್ತಾಯ್ತಲ್ಲ. ಹಾಗಾದ್ರೆ ಪದಗಳ ಬದಲು ಅಡುಗೆ ಕಲಿಸೋಣ. ಒಂದೇ ಅಡುಗೆ. ಒಂದೇ ದಾರಿ. ದಿನಾ."

"ಅವರಿಗೆ ಅಡುಗೆ ಕಲಿಸ್ತೀಯಾ? ಗೊತ್ತಾದ್ರೆ ಸೌಟಲ್ಲೇ ಏಟು ಬೀಳುತ್ತೆ."

"ಒಂದು ನಿಯಮ ಇದೆ. ಅಜ್ಜಿ ತಡವರಿಸಿದ್ರೆ 'ನೆನಪಿಲ್ವಾ' ಅಂತ ಕೇಳಬಾರದು. ಊಹೆ ಮಾಡೋಕೆ ಬಿಡಬಾರದು. ತಕ್ಷಣ ಹೇಳಿಬಿಡಬೇಕು. ತಪ್ಪು ಮಾಡಿದ್ರೆ ತಪ್ಪೇ ಬಾಯಿಪಾಠ ಆಗುತ್ತೆ."

ಗಂಡ ಗ್ಯಾಸಿನ ಒಲೆ ಎತ್ತಿಟ್ಟು ವಿದ್ಯುತ್ ಒಲೆ ತಂದ. ಅದಕ್ಕೊಂದು ಟೈಮರ್ ಕೂರಿಸಿದ, ಇಪ್ಪತ್ತೈದು ನಿಮಿಷಕ್ಕೆ ತಾನೇ ಆರುತ್ತದೆ. "ಬಾಗಿಲು ಮುಚ್ಚದೆ ಲಿಫ್ಟ್ ಹೊರಡಲ್ಲ, ಹಾಗೆ ಇದು," ಎಂದು ಅಮ್ಮನಿಗೆ ತೋರಿಸಿದ. ಟಿಕೆಟಮ್ಮ ಡಿಪೋದಲ್ಲಿ ಕೇಳಿ ಮೂರು ತಿಂಗಳಿಗೆ ಎರಡನೇ ಪಾಳಿ ಹಾಕಿಸಿಕೊಂಡಳು. ಬೆಳಗ್ಗೆ ಮನೆಯಲ್ಲಿ ಇರಬಹುದು. ಅಡುಗೆಯೆಲ್ಲ ಆಗಲೇ ಮುಗಿಸಿ ಒಲೆಯ ಪ್ಲಗ್ಗು ಕಿತ್ತಿಡುವುದು. ಮಧ್ಯಾಹ್ನ ಊಟದ ಹೊತ್ತಿಗೆ ಗಂಡ, ಸಂಜೆಗೆ ಮಗಳು. ನಡುವಿನ ಹೊತ್ತಿಗೆ ಮೊಣಕಾಲು ನೋವಿನ ಪಕ್ಕದ ಮನೆಯಾಕೆ ಬಂದು ಕೂರಲು ಒಪ್ಪಿದಳು.

ದಾರಿ ಹಾಕಿಕೊಟ್ಟದ್ದು ಟಿಕೆಟಮ್ಮ. ಕಂಡಕ್ಟರಿಗೆ ಪ್ರತಿ ಸ್ಟಾಪೂ ಬರೆದ ಹಾಳೆ ಇರುತ್ತದೆ, ದಾಟಿದ ಸ್ಟಾಪಿಗೆ ಗುರುತು ಹಾಕುತ್ತಾರೆ. ಹಾಗೇ ಒಂದು ಉದ್ದ ರಟ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು. ನೀರು. ಬೇಳೆ. ತರಕಾರಿ. ಉಪ್ಪು. ಮುಚ್ಚಳ. ಹೀಗೆ ಒಂಬತ್ತು ಸ್ಟಾಪು. ರಟ್ಟಿನ ಅಂಚಿಗೆ ಬಟ್ಟೆ ಕ್ಲಿಪ್ಪು. ಒಂದು ಕೆಲಸ ಆದ ಕೂಡಲೇ ಸ್ಟಾಪ್ ಕೂಗಿ ಕ್ಲಿಪ್ಪನ್ನು ಕೆಳಗೆ ಸರಿಸಬೇಕು.

"ನಾನು ಕಂಡಕ್ಟರಾ ಈಗ?" ಎಂದಳು ಅತ್ತೆ.

"ಹೌದು ಅತ್ತೆ. ಉಪ್ಪು ಒಂದೇ ಸಲ ಹತ್ತಬೇಕು. ಎರಡನೇ ಸಲ ಹತ್ತಿದ್ರೆ ಇಳಿಸಿಬಿಡಿ."

ಮೊದಲ ವಾರ ಟಿಕೆಟಮ್ಮನಿಗೇ ಕಷ್ಟವಾಯಿತು. "ಈಗ ತಾನೆ ಹೇಳಿದ್ನಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು. ಒಂದು ದಿನ ಹೊರಗೆ ಬಿದ್ದೇಬಿಟ್ಟಿತು. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಅಂದು ಬೇಳೆ ಬೇಯಲಿಲ್ಲ, ಎಲ್ಲರೂ ಅತ್ತೆ ಕೊಟ್ಟ ಬ್ರೆಡ್ಡು ತಿಂದು ಹೊರಟರು.

"ಅಮ್ಮ, ಛತ್ರಕ್ಕೂ ಸುಡುಗಾಡಿಗೂ ಒಂದೇ ದನಿ ಅಂದಿದ್ದು ಯಾರು?" ಎಂದಳು ಮಗಳು ಸಂಜೆ.

"ಆಯ್ತು ತಾಯಿ. ಬುದ್ಧಿ ಬಂತು."

ಎರಡನೆಯ ವಾರ ಬೇಳೆಗೆ ಉಪ್ಪೇ ಇರಲಿಲ್ಲ. "ಇವತ್ತು ಉಪ್ಪಿಗೆ ವಾರದ ರಜೆ," ಎಂದು ಗಂಡ ಮೇಲೆ ಉದುರಿಸಿಕೊಂಡ. ಮೂರನೆಯ ವಾರ ಅತ್ತೆ ಆರನೆಯ ಸ್ಟಾಪಿನವರೆಗೆ ಯಾರೂ ಹೇಳದೆ ಹೋದಳು. ಐದನೆಯ ವಾರ ಒಂಬತ್ತೂ. ಬಾಗಿಲ ಬಳಿ ನಿಂತ ಟಿಕೆಟಮ್ಮ, ಅತ್ತೆ ಕ್ಲಿಪ್ಪು ಸರಿಸಿ, "ಮುಚ್ಚಳ. ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ," ಎಂದು ತನ್ನದೇ ಧಾಟಿಯಲ್ಲಿ ಕೂಗುವುದನ್ನು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಪಾಳಿಗೆ ಹೋದಳು. ಅಂದು ಡ್ರೈವರಿಗೆ ಮಗಳ ಬದಲು ಅತ್ತೆಯ ಸುದ್ದಿ ಹೇಳಿದಳು.

ಮನೆಯಲ್ಲಿ ಮೂರು ತಿಂಗಳು ದಿನಾ ಒಂದೇ ಬೇಳೆ, ಒಂದೇ ಅನ್ನ. ಯಾರೂ ಬೇಸರ ಎನ್ನಲಿಲ್ಲ. ಅತ್ತೆಗೆ ಈ ನಡುವೆ ಪಕ್ಕದ ಮನೆಯಾಕೆಯ ಗುರುತು ತಪ್ಪಿತು. ಬಚ್ಚಲಿನ ದಾರಿ ಒಂದೆರಡು ಸಲ ತಪ್ಪಿತು. ಒಲೆಯ ಮುಂದೆ ಮಾತ್ರ ತಪ್ಪಲಿಲ್ಲ.

ದೊಡ್ಡ ಮೇಡಂ ಸಹಿ ಹಾಕಿದರು. ಮಗಳಿಗೆ ನಗರದ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ, ವಯಸ್ಸಾದವರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸೋಮವಾರ ಬೆಳಗ್ಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಅಡುಗೆಮನೆಗೆ ಬಂದಾಗ ಅಜ್ಜಿ ಎಂಟನೆಯ ಸ್ಟಾಪಿನಲ್ಲಿದ್ದಳು.

"ಎಲ್ಲಿಗೆ ಹೊರಟ್ಲು ಇವಳು?"

"ಕೆಲಸಕ್ಕೆ ಅತ್ತೆ. ಮೊದಲನೇ ದಿನ," ಎಂದಳು ಟಿಕೆಟಮ್ಮ.

ಅನ್ನ ಬಡಿಸುವಾಗ ಅತ್ತೆ ಮತ್ತೆ ಕೇಳಿದಳು. "ಎಲ್ಲಿಗೆ?"

"ಕೆಲಸಕ್ಕೆ. ಮೊದಲನೇ ದಿನ," ಎಂದಳು ಟಿಕೆಟಮ್ಮ, ಅದೇ ದನಿಯಲ್ಲಿ.

ಮಗಳು ಉಂಡು ಕೈ ತೊಳೆದು, ಅಜ್ಜಿಯ ಕಾಲು ಮುಟ್ಟಿ, ಚಪ್ಪಲಿ ಹಾಕಿಕೊಂಡಳು. ಅಪ್ಪ ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೊರಟ.

"ಎಲ್ಲಿಗೆ ಹೋದ್ಲು?"

"ಕೆಲಸಕ್ಕೆ ಅತ್ತೆ. ಮೊದಲನೇ ದಿನ."

ಅತ್ತೆ ಬಾಗಿಲ ಕಡೆ ತಿರುಗಿದಳು. "ಉಂಡು ಹೋದ್ಲಾ?"

"ಉಂಡು ಹೋದ್ಲು."

"ಹಾಗಾದ್ರೆ ಆಯ್ತು. ನಾಳೆಯಿಂದ ನೀನು ನೋಡ್ಕೋ. ನಂಗೆ ಸಾಕು," ಎಂದು ಅತ್ತೆ ಕೈ ಒರೆಸಿಕೊಂಡು ಹೊರಗಿನ ಕೋಣೆಗೆ ಹೋಗಿ ಕೂತಳು.

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನೆಯಿಂದ ಯಾರೂ ಹಸಿದ ಹೊಟ್ಟೆಯಲ್ಲಿ ಹೊಸಿಲು ದಾಟಿರಲಿಲ್ಲ, ಅಂದೂ ದಾಟಲಿಲ್ಲ. ಅತ್ತೆ ಕೊಟ್ಟ ಮಾತು ನಡೆಸಿಕೊಟ್ಟಳು.